ಲಕ್ಷ್ಮೇಶ್ವರದ ಜುಮ್ಮಾ ಮಸೀದಿ: ಯಾವ ಹೊತ್ತಿಗೆ ಹೋಗಬೇಕು, ಏನೇನು ನೋಡಬೇಕು?

ಧಾರವಾಡ_ಪೇಡೆ:
ಧಾರವಾಡದಿಂದ ಆರು ಜನ ಲಕ್ಷ್ಮೇಶ್ವರಕ್ಕೆ ಹೊರಟಿದ್ದೇವೆ. ಇಬ್ಬರು ಹೆಣ್ಣುಮಕ್ಕಳು, ಒಬ್ಬರು ಎಪ್ಪತ್ತು ದಾಟಿದ ಹಿರಿಯರು. ಸೋಮೇಶ್ವರ ಗುಡಿಯ ಜೊತೆ ಮಸೀದಿಯನ್ನೂ ನಿಧಾನವಾಗಿ ನೋಡುವ ಆಸೆ. ಯಾವ ಹೊತ್ತು ಒಳ್ಳೆಯದು? ಒಳಗೆ ಬಿಡುತ್ತಾರೆಯೇ? ಗುಡಿಯ ಕೆತ್ತನೆ, ಬಿಜಾಪುರದ ಶೈಲಿ ಎರಡೂ ಕೂಡಿವೆ ಅನ್ನುತ್ತಾರಲ್ಲ, ಅದನ್ನು ಎಲ್ಲಿ ಗುರುತಿಸಬೇಕು?

ಶಿರಹಟ್ಟಿ_ರಸ್ತೆ:
ಮುಂಜಾನೆ 8ರಿಂದ 11ರೊಳಗ ನೋಡಿ ಮುಗಿಸ್ರಿ. ಕಿಬ್ಲಾ, ಅಂದ್ರ ನಮಾಜಿನಾಗ ಮುಖ ಮಾಡೋ ಮೆಕ್ಕಾದ ದಿಕ್ಕು, ಪಶ್ಚಿಮಕ್ಕ ಇರೋದರಿಂದ ನಮ್ಮ ಕಡೆ ಮಸೀದಿ ಮುಂಭಾಗ ಪೂರ್ವಕ್ಕ ಇರತೈತಿ. ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಕೆತ್ತನೆ ಎದ್ದು ಕಾಣತೈತಿ. ಹೊತ್ತು ಇಳಿದ ಮ್ಯಾಲೆ ಸೂರ್ಯ ಹಿಂದಕ್ಕ ಹೋಗಿ ಫೋಟೋದಾಗ ಗೋಡೆ ಕರ್ರಗ ಬರತೈತಿ. ಶುಕ್ರವಾರ ಬ್ಯಾಡ್ರಿ. ಉಳಿದ ದಿನಾನೂ ಮಧ್ಯಾಹ್ನದ ನಮಾಜಿನ ಹೊತ್ತು ಬಿಡ್ರಿ.

ಒಳಗ ಕಾಲಿಡೋ ಮೊದಲು ಅಲ್ಲಿದ್ದ ಹಿರ‍್ಯಾರನ್ನ ಕೇಳ್ರಿ. ಹೆಣ್ಣುಮಕ್ಕಳು ಎಲ್ಲಿತನಕ ಬರಬಹುದು ಅನ್ನೋದನ್ನೂ ಅವರನ್ನೇ ಕೇಳೋದು ಚಲೋ. ತಲಿ ಮ್ಯಾಲೆ ಸೆರಗೋ ದುಪಟ್ಟಾನೋ ಇರಲಿ, ಗಂಡಸರಿಗೆ ಒಂದು ಕರವಸ್ತ್ರ ಸಾಕು. ಬ್ಯಾಸಗ್ಯಾಗ ಅಂಗಳದ ಕಲ್ಲು ಕಾದ ಹಂಚಿನಂಗ ಆಗತೈತಿ, ಹಿರ‍್ಯಾರಿಗೆ ದಪ್ಪನ ಕಾಲುಚೀಲ ಹಾಕಸ್ರಿ. ಹುಬ್ಬಳ್ಳಿಯಿಂದ ಕುಂದಗೋಳ, ಗುಡಗೇರಿ ಮ್ಯಾಲಾಸಿ ಸುಮಾರು 55 ಕಿ.ಮೀ.

ಕಲ್ಲುಕಂಬ:
ಕಟ್ಟಿಸಿದವನು ಬಿಜಾಪುರದ ಸುಲ್ತಾನರಾದ ಆದಿಲಶಾಹಿಗಳ ಅಧಿಕಾರಿ ಅಂಕುಶ ಖಾನ, 1617ರಲ್ಲಿ. ಅಂದರೆ ಸುಲ್ತಾನ ಎರಡನೆಯ ಇಬ್ರಾಹಿಮನ ಕಾಲ, ಬಿಜಾಪುರದಲ್ಲಿರುವ ಅವನ ಗೋರಿ ಇಬ್ರಾಹಿಂ ರೋಜಾ ಇನ್ನೂ ಮುಗಿದಿರದ ದಿನಗಳು.

ಮೊದಲು ದೂರ ನಿಂತು ಮೇಲೆ ನೋಡಿ. ಈರುಳ್ಳಿಯಾಕಾರದ ಗುಮ್ಮಟ, ಎತ್ತರದ ಮಿನಾರು: ಇದು ಬಿಜಾಪುರ. ಗುಮ್ಮಟದ ಬುಡಕ್ಕೆ ಕಮಲದ ಎಸಳು ಸುತ್ತುವುದೂ ಆದಿಲಶಾಹಿ ರೂಢಿಯೇ. ಆಮೇಲೆ ಹತ್ತಿರ ಬಂದು ಚಾಚಿದ ಸೂರಿನ ಅಡಿ ನಿಲ್ಲಿ. ಮುಂಚಾಚಿದ ಕಲ್ಲನ್ನು ಮದನಕೈ (ಕೆಳಗಿನಿಂದ ಓರೆಯಾಗಿ ಆನಿಸುವ ಕಲ್ಲು) ಕೊಟ್ಟು ಹೊರುವುದು ನಮ್ಮ ಗುಡಿ ಕಟ್ಟುವವರ ಹಳೆಯ ಲೆಕ್ಕ. ಗುಡಿಯಲ್ಲಿ ಭಾರ ಹೊರುವುದು ಕಂಬ ಮತ್ತು ತೊಲೆ, ಇಲ್ಲಿ ಕಮಾನು. ಅದೇ ದಿನ ಸೋಮೇಶ್ವರವನ್ನೂ ನೋಡುವಿರಾದ್ದರಿಂದ ಈ ವ್ಯತ್ಯಾಸ ಕಣ್ಣಿಗೇ ತಿಳಿಯುತ್ತದೆ. ಗುಡಿ ಮೊದಲು ನೋಡಿದರೆ ಇನ್ನೂ ಒಳ್ಳೆಯದು.

ನಿಜವಾಗಿ ನಿಲ್ಲಬೇಕಾದದ್ದು ಸೂರಿನಿಂದ ಇಳಿಬಿದ್ದ ಕಲ್ಲಿನ ಸರಪಳಿಗಳ ಕೆಳಗೆ. ಇಂಥ ಸರಪಳಿಯಲ್ಲಿ ಬೆಸುಗೆ ಇರುವುದಿಲ್ಲ. ಒಂದೇ ಉದ್ದನೆಯ ಕಲ್ಲನ್ನು ಅಡ್ಡ ಕೊಯ್ದರೆ ಕೂಡಿಸು ಚಿಹ್ನೆಯಂತೆ (+) ಕಾಣುವ ಹಾಗೆ ಕೆತ್ತಿಕೊಂಡು, ಒಂದು ಕೊಂಡಿಯನ್ನು ಅಡ್ಡ, ಮುಂದಿನದನ್ನು ಉದ್ದ ಬಿಡಿಸುತ್ತ ಹೋಗಬೇಕು. ನಡುವಿನ ಕಲ್ಲನ್ನು ಸಣ್ಣ ಉಳಿಯಿಂದ ಕೊರೆದು ತೆಗೆದ ಮೇಲಷ್ಟೇ ಕೊಂಡಿ ಅಲುಗಾಡುವುದು. ಕೊನೆಯ ಕೊಂಡಿಯಲ್ಲಿ ಬಿರುಕು ಬಿಟ್ಟರೂ ಇಡೀ ಕಲ್ಲು ಹಾಳು. ಗುಡಿಗಳಲ್ಲಿ ಪಳಗಿದ ಈ ಕೈಚಳಕವನ್ನು ಮಸೀದಿಯ ಸೂರಿನಲ್ಲಿ ಕಾಣುವುದೇ ಒಂದು ಭಾಗ್ಯ.

ಧಾರವಾಡ_ಪೇಡೆ:
ಬಹಳ ಉಪಕಾರವಾಯಿತು. ಸರಪಳಿ ಮುಟ್ಟಿ ನೋಡಬಹುದೇ? ಫೋಟೋಗೆ ಅಡ್ಡಿಯಿದೆಯೇ?

ಕಲ್ಲುಕಂಬ:
ದಯವಿಟ್ಟು ಮುಟ್ಟಬೇಡಿ. ಕಲ್ಲು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ತೂಗುವ ಕೊಂಡಿಯ ಮೇಲೆ ಇರುವುದೆಲ್ಲ ಎಳೆತವೇ. ತೆಳುವಾದ ಬಾಗಿನಲ್ಲಿ ಒಂದು ಸಣ್ಣ ಜಗ್ಗಿಗೆ ತುಂಡಾದರೆ ಮತ್ತೆ ಕೂಡಿಸಲಾಗದು. ಮೊಬೈಲಿನಲ್ಲಿ ಎರಡು ಪಟ್ಟು ಜೂಮ್ ಮಾಡಿ, ಕೆಳಗಿನಿಂದ ಓರೆಯಾಗಿ ಹಿಡಿಯಿರಿ. ಆಕಾಶ ಹಿನ್ನೆಲೆಗೆ ಬಂದರೆ ಕೊಂಡಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ನಮಾಜು ಮಾಡುವವರು, ವಜೂ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವುದು) ಮಾಡುವವರು ಫೋಟೋದಲ್ಲಿ ಬರದಿರಲಿ. ಫ್ಲ್ಯಾಶ್ ಬೇಡ.

ಶಿರಹಟ್ಟಿ_ರಸ್ತೆ:
ವಾಪಸ್ ಗದಗ ಮ್ಯಾಲಾಸಿ ಹೋಗೋದಾದ್ರ ಅಲ್ಲಿನ ಜುಮ್ಮಾ ಮಸೀದಿನೂ ನೋಡ್ರಿ. ಅದು, ವೀರನಾರಾಯಣ ಗುಡಿ, ತ್ರಿಕೂಟೇಶ್ವರ ಗುಡಿ ಮೂರೂ ಒಂದೇ ಟ್ರಸ್ಟಿನ ಕೈಯಾಗ ಅದಾವು. ಗದಗಿನ ದಾರಿ ಸುಮಾರು 40 ಕಿ.ಮೀ., ಒಂದು ತಾಸು ಹಿಡೀರಿ.