ಆನ್‌ಫೀಲ್ಡ್‌ನಲ್ಲಿ ತಾತನಿಗೆ ಮೊಮ್ಮಗನೇ ಗೈಡ್

ಮಗಳನ್ನು ಕನ್ನಡದಲ್ಲಿ ಮಾತಾಡಿಸಿದರೆ ಇಂಗ್ಲಿಷ್‌ನಲ್ಲೇ ಉತ್ತರ ಕೊಡುತ್ತಾಳೆ, ಶನಿವಾರದ ಕನ್ನಡ ಕ್ಲಾಸ್ ಬಿಡಿಸಿಬಿಡಲಾ ಅಂತ ಕೇಳಿದ್ದೀರಲ್ಲ, ಬಿಡಿಸಬೇಡಿ. ಆದರೆ ಅದೊಂದರಿಂದಲೇ ಮಾತು ಬಂದುಬಿಡುತ್ತದೆ ಅಂತ ಕಾಯಲೂ ಬೇಡಿ. ನಮ್ಮವನು ಮೂರು ವರ್ಷ ಹೋದ. ಅಕ್ಷರ ಚೆನ್ನಾಗಿಯೇ ಕಲಿತ. ಮಾತು ಮಾತ್ರ 'ಹೂಂ', 'ಬೇಡ', 'ಆಮೇಲೆ', ಅಷ್ಟೇ. ಅವನ ಬಾಯಿ ಬಿಡಿಸಿದ್ದು ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್. ತಮಾಷೆ ಮಾಡ್ತಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮಪ್ಪ ಊರಿಂದ ಇಲ್ಲಿಗೆ, ಇಂಗ್ಲೆಂಡಿಗೆ ಬಂದಿದ್ದರು. ರಿಟೈರ್ಡ್ ಮೇಷ್ಟ್ರು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಇಲ್ಲಿನವರ ಉಚ್ಚಾರಣೆ ಮಾತ್ರ ಒಂದಕ್ಷರವೂ ತಲೆಗೆ ಹೋಗೋದಿಲ್ಲ. ಲಿವರ್‌ಪೂಲ್‌ನವರು ಮಾತಾಡಿದರೆ ನನಗೇ ಅರ್ಧ ತಿಳಿಯಲ್ಲ, ಅವರದ್ದೇನು ತಪ್ಪು. ಮಗನಿಗೆ ಆಗ ಹತ್ತು ವರ್ಷ. ತಾತನಿಗೆ ಆನ್‌ಫೀಲ್ಡ್, ಅಂದರೆ ಲಿವರ್‌ಪೂಲ್ ಕ್ಲಬ್ಬಿನ ಸ್ಟೇಡಿಯಂ ತೋರಿಸಲೇಬೇಕು ಅಂತ ಹಟ.

ಮ್ಯಾಚಿಗೇ ಹೋಗೋಣ ಅನ್ನುವವರು ಕೇಳಿ. ಮೆಂಬರ್‌ಶಿಪ್ ತಗೊಂಡು, ಬ್ಯಾಲೆಟ್‌ಗೆ, ಅಂದರೆ ಟಿಕೆಟ್ ಲಾಟರಿಗೆ ಹೆಸರು ಕೊಟ್ಟು, ಅದೃಷ್ಟ ನೋಡಬೇಕು. ನಾನು ಹಿಂದಿನ ಸೀಸನ್‌ನಲ್ಲಿ ಹೆಸರು ಕೊಡುವ ದಿನವನ್ನೇ ಮರೆತಿದ್ದೆ, ಮನೆಯಲ್ಲಿ ಅದನ್ನು ಈಗಲೂ ಯಾರೂ ಮರೆತಿಲ್ಲ. ಬ್ಲಾಕ್‌ನಲ್ಲಿ ಮಾರುವವರ ಹತ್ತಿರ ಮಾತ್ರ ಹೋಗಬೇಡಿ, ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ ಹಾಗೆ ಮಾರೋದು ಅಪರಾಧ. ಸ್ಟೇಡಿಯಂ ಟೂರ್ ಆದರೆ ಆನ್‌ಲೈನ್‌ನಲ್ಲಿ ಬುಕ್ ಮಾಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಲು ನನ್ನ ಪ್ರಕಾರ ಅದೇ ವಾಸಿ, ನೂಕಾಟವಿಲ್ಲ, ನಿಂತು ಮಾತಾಡಬಹುದು.

ಒಳಗೆ ಕಿವಿಗೆ ಹಾಕಿಕೊಳ್ಳುವ ಆಡಿಯೋ ಗೈಡ್ ಕೊಟ್ಟರು. ಬೇರೆ ಭಾಷೆಗಳಿವೆ, ಕನ್ನಡ ಇಲ್ಲ. ಅಪ್ಪ ಅದನ್ನು ಸುಮ್ನೆ ಕತ್ತಿಗೆ ನೇತುಹಾಕಿಕೊಂಡು, 'ನೀನೇ ಹೇಳಪ್ಪ, ನಿನಗೆ ಎಲ್ಲಾ ಗೊತ್ತಲ್ಲ' ಅಂದರು. ಅಲ್ಲಿಂದ ಶುರು.

ಆಟಗಾರರು ಮೈದಾನಕ್ಕೆ ಇಳಿಯುವ ದಾರಿಯಲ್ಲಿ, ತಲೆಯ ಮೇಲೆ 'ದಿಸ್ ಈಸ್ ಆನ್‌ಫೀಲ್ಡ್' ಅನ್ನುವ ಕೆಂಪು ಫಲಕ ಇದೆ. ಬಿಲ್ ಶ್ಯಾಂಕ್ಲಿ ಮ್ಯಾನೇಜರ್ ಆಗಿದ್ದಾಗ ಹಾಕಿಸಿದ್ದು, ಎದುರಾಳಿಗಳಿಗೆ ಒಂಚೂರು ನಡುಕ ಹುಟ್ಟಲಿ ಅಂತ. ಅಪ್ಪ ಹೋದವರೇ ಕೈ ಎತ್ತಿ ಫಲಕ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹುಡುಗ ಕಿರುಚಿದ, 'ತಾತ, ಮುಟ್ಟಬೇಡ! ಕಪ್ ಗೆದ್ದವರು ಮಾತ್ರ ಮುಟ್ಟಬೇಕು!' ಯೂರ್ಗೆನ್ ಕ್ಲಾಪ್ ಲಿವರ್‌ಪೂಲ್‌ಗೆ ಕೋಚ್ ಆದಾಗ ತನ್ನ ಆಟಗಾರರಿಗೆ ಹಾಗೆ ಹೇಳಿದ್ದರಂತೆ, ಏನಾದರೂ ಗೆಲ್ಲುವ ತನಕ ಮುಟ್ಟಬೇಡಿ ಅಂತ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, 'ಓ, ಮಡಿ ಅನ್ನು ಮತ್ತೆ' ಅಂದರು. ಮಡಿ ಅಂದರೇನು ಅಂತ ಹೇಳಲು ಇನ್ನೊಂದು ಹತ್ತು ನಿಮಿಷ. ನಾನು ಮೂರು ವರ್ಷದಲ್ಲಿ ಕೇಳದಷ್ಟು ಕನ್ನಡ ಅವನ ಬಾಯಲ್ಲಿ ಆ ಮೆಟ್ಟಿಲ ಹತ್ತಿರ ಕೇಳಿದೆ. ವ್ಯಾಕರಣ ಕೇಳಬೇಡಿ, 'ಬಾಲ್ ಬಂದನು, ಗೋಲ್ ಹೋದನು'. ತಿದ್ದಲು ಹೊರಟ ನನ್ನ ಹೆಂಡತಿಯ ಕೈ ಹಿಡಿದು ನಿಲ್ಲಿಸಿದೆ.

ಗೋಲ್ ಹಿಂದಿನ ದೊಡ್ಡ ಸ್ಟ್ಯಾಂಡಿಗೆ ಕಾಪ್ ಅಂತ ಹೆಸರು. ದಕ್ಷಿಣ ಆಫ್ರಿಕಾದ ಸ್ಪಿಯಾನ್ ಕಾಪ್ ಅನ್ನುವ ಗುಡ್ಡದ ಮೇಲೆ 1900ರ ಜನವರಿಯಲ್ಲಿ ಬ್ರಿಟಿಷರಿಗೂ ಬೋಯರರಿಗೂ (ಅಲ್ಲಿ ನೆಲೆಸಿದ್ದ ಡಚ್ ಮೂಲದವರಿಗೂ) ಯುದ್ಧವಾಗಿ ಲಿವರ್‌ಪೂಲ್ ಕಡೆಯ ಸೈನಿಕರು ತುಂಬಾ ಜನ ಸತ್ತರು, ಆ ನೆನಪಿಗೆ 1906ರಲ್ಲಿ ಇಟ್ಟ ಹೆಸರು. ಹುಡುಗ ಇದನ್ನು 'ಒಂದು ಬೆಟ್ಟ, ಅಲ್ಲಿ ಫೈಟ್ ಆಯಿತು' ಅಂತ ಹೇಳುತ್ತಿದ್ದ. ಅಪ್ಪ ತಡೆದರು. 'ದಕ್ಷಿಣ ಆಫ್ರಿಕಾನಾ? ಬೋಯರ್ ಯುದ್ಧವಾ? ಅದರಲ್ಲಿ ಗಾಂಧೀಜಿ ಗಾಯಗೊಂಡವರನ್ನು ಸ್ಟ್ರೆಚರ್ ಮೇಲೆ ಹೊತ್ತಿದ್ದರು ಕಣೋ.' ಮೊಮ್ಮಗ ನಂಬಲಿಲ್ಲ. ಮೊಬೈಲ್ ತೆಗೆದು ನೋಡಿದರೆ ನಿಜ, ಗಾಂಧಿಯವರ ಭಾರತೀಯ ಆಂಬುಲೆನ್ಸ್ ದಳ ಸ್ಪಿಯಾನ್ ಕಾಪ್‌ನಲ್ಲೇ ಕೆಲಸ ಮಾಡಿತ್ತು. ಅಲ್ಲಿವರೆಗೆ ಇವನೇ ಮೇಷ್ಟ್ರು, ಆಮೇಲೆ ಇಬ್ಬರೂ ಸಮ. ಶಾಲೆ ಶುರುವಾದ ಮೇಲೆ ಕ್ಲಾಸಿನಲ್ಲಿ ಎದ್ದು ಹೇಳಿದ್ದೂ ಇದನ್ನೇ.

ಹೊರಗೆ ಹಿಲ್ಸ್‌ಬರೋ ಸ್ಮಾರಕವಿದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಸ್ಟೇಡಿಯಂಗೆ ಮ್ಯಾಚ್ ನೋಡಲು ಹೋಗಿ ವಾಪಸ್ ಬಾರದ 97 ಜನರದ್ದು. ಅವರಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ 10 ವರ್ಷ. ಇಲ್ಲಿ ಹುಡುಗನಿಗೆ ಪದ ಸಿಗಲಿಲ್ಲ, ನನ್ನ ಮುಖ ನೋಡಿದ. 'ನೂಕುನುಗ್ಗಲು' ಅಂದೆ. ತಾತನಿಗೆ ಮೆಲ್ಲಗೆ ಅದನ್ನೇ ಹೇಳಿದ. ಅಪ್ಪ ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ನಿಂತರು, ಯಾರೂ ಏನೂ ಅನ್ನಲಿಲ್ಲ.

ನಿಮ್ಮ ಮಗಳಿಗೆ ಫುಟ್‌ಬಾಲ್ ಆಗದಿದ್ದರೆ ಬೇರೇನೋ ಇರುತ್ತದೆ, ಡ್ಯಾನ್ಸೋ, ಡೈನೋಸಾರೋ. ಅವಳಿಗೆ ಚೆನ್ನಾಗಿ ಗೊತ್ತಿದ್ದು, ಕೇಳುವವರಿಗೆ ಏನೂ ಗೊತ್ತಿರಬಾರದು, ಇಂಗ್ಲಿಷ್‌ನಲ್ಲಿ ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ಇರಬಾರದು. ಅಜ್ಜಿ ತಾತಂದಿರು ಇದಕ್ಕೆ ಹೇಳಿ ಮಾಡಿಸಿದವರು. ನಾವು ಏನೂ ಗೊತ್ತಿಲ್ಲದ ಹಾಗೆ ಎಷ್ಟು ನಟಿಸಿದರೂ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ, ಅಲ್ವಾ?

ಈಗ ಪ್ರತಿ ಭಾನುವಾರ ವಿಡಿಯೋ ಕಾಲ್. ಹಿಂದಿನ ದಿನದ ಮ್ಯಾಚ್ ವರದಿ ಅಪ್ಪನಿಗೆ ಬೇಕೇ ಬೇಕು. ಆಫ್‌ಸೈಡ್ ಅನ್ನುವ ನಿಯಮ ಮಾತ್ರ ಇನ್ನೂ ಬಗೆಹರಿದಿಲ್ಲ. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಚಮಚ, ಎರಡು ನಿಂಬೆಹಣ್ಣು ಇಟ್ಟು ಹುಡುಗ ನಾಲ್ಕನೇ ಸಲ ತೋರಿಸಿದ. ಆ ಕಡೆಯಿಂದ ಅದೇ ಪ್ರಶ್ನೆ: 'ಎಲ್ಲಾ ಸರಿ ಮಗು, ಮುಂದೆ ಓಡಿದವನದ್ದು ತಪ್ಪು ಹೇಗಾಗುತ್ತೆ?'