ದಶಮಾಂಶ (ಆದಾಯದ ಹತ್ತನೇ ಒಂದು ಪಾಲು ಚರ್ಚ್‌ಗೆ) ತಪ್ಪದೇ ಕೊಡ್ತೀನಿ, ಆದ್ರೂ ದುಡ್ಡು ನನ್ನನ್ನ ಹಿಡ್ಕೊಂಡಿದೆ ಅನ್ಸುತ್ತೆ, ಏನ್ಮಾಡ್ಲಿ?

ಸಾಸಿವೆಕಾಳು:
ಎಲ್ಲರಿಗೂ ವಂದನೆ. ಪಾಸ್ಟರ್ ಹತ್ರ ಹೇಳೋಕೆ ಬಾಯಿ ಬರ್ತಿಲ್ಲ ಅದಕ್ಕೆ ಇಲ್ಲಿ ಕೇಳ್ತಿದೀನಿ. ಕೆಲಸಕ್ಕೆ ಸೇರಿದಾಗ ಇಷ್ಟು ಉಳಿದ್ರೆ ಸಾಕು ಅಂತ ಒಂದು ಲೆಕ್ಕ ಇಟ್ಕೊಂಡಿದ್ದೆ, ಅದು ಮುಟ್ಟಿದ ತಿಂಗಳೇ ಅದರ ಎರಡರಷ್ಟು ಬೇಕು ಅನ್ಸ್ತು, ಈಗ ಅದೂ ದಾಟಿದೆ, ಸಮಾಧಾನ ಮಾತ್ರ ಇಲ್ಲ. ದಶಮಾಂಶ ಸಂಬಳದ ದಿನ ತಾನಾಗೇ ಕಟ್ ಆಗುತ್ತೆ, ಒಂದು ತಿಂಗಳೂ ತಪ್ಪಿಲ್ಲ. ಹೋದ ತಿಂಗಳು ಜೊತೆಲಿ ಕೆಲಸ ಮಾಡೋರೊಬ್ರು ಮಗು ಆಸ್ಪತ್ರೆಲಿದೆ ಸ್ವಲ್ಪ ಕೈಸಾಲ ಸಿಗುತ್ತಾ ಅಂತ ಕೇಳಿದ್ರು. ಈಗ ಕೈಯಲ್ಲಿ ಏನೂ ಇಲ್ಲ ಅಂದ್ಬಿಟ್ಟೆ. ಪ್ರಾರ್ಥನೆ ಮಾಡ್ತೀನಿ ಅಂತಾನೂ ಅಂದೆ. ಆ ರಾತ್ರಿ ಮಂಡಿಯೂರಿದೀನಿ, ಕೈಯಲ್ಲಿ ಫೋನು, ಪ್ರಾರ್ಥನೆಗೆ ಮುಂಚೆ ಬ್ಯಾಲೆನ್ಸ್ ನೋಡ್ತಿದೀನಿ! ದಿನಾ ಹಾಗೇ ಮಾಡ್ತಿದ್ದೆ ಅಂತ ಅವತ್ತೇ ಗೊತ್ತಾಗಿದ್ದು. ಅಲ್ಲಿಂದ ಪ್ರಾರ್ಥನೆಗೆ ಕೂತ್ರೆ ಮಾತೇ ಹೊರಡ್ತಿಲ್ಲ. ಕೂಡಿಡೋದೇ ಪಾಪಾನಾ?

ದೀಪಸ್ತಂಭ:
ಬ್ರದರ್, ಕೂಡಿಡೋದು ಪಾಪ ಅಲ್ಲ. ಬೈಬಲ್‌ನಲ್ಲಿ ಯೋಸೇಫ ಐಗುಪ್ತದಲ್ಲಿ (ಈಜಿಪ್ಟಲ್ಲಿ) ಏಳು ವರ್ಷ ಧಾನ್ಯ ಕೂಡಿಟ್ಟ, ಬರ ಬಂದಾಗ ಅದೇ ಜನರ ಜೀವ ಉಳಿಸ್ತು. 1 ತಿಮೊಥೆ 6:10 ರಲ್ಲೂ ಕೆಟ್ಟತನಕ್ಕೆ ಮೂಲ ಅಂತ ಹೇಳಿರೋದು ಹಣದಾಸೆನ, ಹಣನ ಅಲ್ಲ. ಮನೆಯವರನ್ನ ನೋಡ್ಕೊಳ್ಳೋದೂ ನಂಬಿಕೆಯ ಭಾಗಾನೇ. ಜಾಸ್ತಿ ಕೊರಗಬೇಡಿ.

ಹಳೇಚರ್ಚ್‌ಗಂಟೆ:
ಮೇಲಿನವರು ಹೇಳಿದ್ದು ಸರಿ, ಆದ್ರೆ ಇವರ ಕೊರಗನ್ನ ಅಷ್ಟು ಬೇಗ ಸಮಾಧಾನ ಮಾಡೋದು ಬೇಡ ಅನ್ಸುತ್ತೆ ನಂಗೆ. ಲೂಕ 12 ರ ಐಶ್ವರ್ಯವಂತನ್ನ ನೋಡಿ, ಅವನು ಕದ್ದಿಲ್ಲ, ಮೋಸ ಮಾಡಿಲ್ಲ, ಬೆಳೆ ಚೆನ್ನಾಗಿ ಬಂತು ಅಷ್ಟೇ. ಕಣಜ ಕೆಡವಿ ದೊಡ್ಡದು ಕಟ್ಟಿಸ್ತೀನಿ ಅಂತಾನೆ, ನನ್ನ ಬೆಳೆ, ನನ್ನ ಕಣಜ, ಕೊನೆಗೆ ನನ್ನ ಪ್ರಾಣ ಅಂತಾನೂ ಅಂತಾನೆ. ಮಾತಾಡೋದೂ ಅವನೇ ಕೇಳಿಸ್ಕೊಳ್ಳೋದೂ ಅವನೇ, ಇನ್ನೊಬ್ಬ ಮನುಷ್ಯ ಆ ಲೆಕ್ಕದಲ್ಲಿ ಬರೋದೇ ಇಲ್ಲ. 4ನೇ ಶತಮಾನದಲ್ಲಿ ಕೈಸರೇಯದ ಬೆಸಿಲ್ ಅನ್ನೋ ಸಭಾಗುರು ಇದೇ ಸಾಮ್ಯದ (ಯೇಸು ಹೇಳಿದ ಕಥೆಯ) ಮೇಲೆ ಪ್ರಸಂಗ ಮಾಡಿ, ನೀನು ಬಚ್ಚಿಟ್ಟಿರೋ ರೊಟ್ಟಿ ಹಸಿದವನದು, ಪೆಟ್ಟಿಗೇಲಿರೋ ಅಂಗಿ ಬಟ್ಟೆ ಇಲ್ಲದವನದು ಅನ್ನೋ ಅರ್ಥದಲ್ಲಿ ಹೇಳಿದ್ರು. ಬರೀ ಹೇಳ್ಲಿಲ್ಲ, ಬರಗಾಲದಲ್ಲಿ ಹಸಿದವರಿಗೆ ಊಟ ಹಾಕಿದ್ರು.
ಲೂಕ 16 ಇನ್ನೂ ಹೆದರಿಸುತ್ತೆ. ಅಲ್ಲಿ ಇನ್ನೊಬ್ಬ ಐಶ್ವರ್ಯವಂತ, ಅವನ ಬಾಗಿಲಲ್ಲಿ ಲಾಜರ ಅನ್ನೋ ಬಡವ ಬಿದ್ದಿರ್ತಾನೆ. ಸತ್ತ ಮೇಲೆ ಆ ಐಶ್ವರ್ಯವಂತ ಪಾತಾಳದಲ್ಲಿ ಯಾತನೆಪಡ್ತಾ ಲಾಜರನನ್ನ ಕಳಿಸು ಅಂತ ಕೇಳ್ತಾನೆ. ಅಂದ್ರೆ ಹೆಸರು ಗೊತ್ತಿತ್ತು! ಬಾಗಿಲಲ್ಲಿ ಬಿದ್ದಿದ್ದವನು ಯಾರು ಅಂತ ಗೊತ್ತಿದ್ದೇ ದಾಟಿ ಹೋಗ್ತಿದ್ದ. ನಿಮ್ಮ ಬಾಗಿಲಿಗೆ ಬಂದವರ ಹೆಸರೂ ನಿಮಗೆ ಗೊತ್ತಿದೆ ಬ್ರದರ್.

ಒಬ್ಬ ತಾಯಿ:
ನಾನೂ ಒಮ್ಮೆ ಬೇರೆಯವರ ಹತ್ರ ಹಾಗೆ ಸಾಲ ಕೇಳಿದವಳು. ಕೇಳೋಕೆ ಮುಂಚೆ ಬಾತ್‌ರೂಮಲ್ಲಿ ನಿಂತು ಮೂರ್ನಾಲ್ಕು ಸಲ ಮಾತು ಜೋಡಿಸ್ಕೊಂಡಿದ್ದೆ, ಎಷ್ಟು ಕೇಳಿದ್ರೆ ಜಾಸ್ತಿ ಅನ್ಸಲ್ಲ ಅಂತ ಲೆಕ್ಕ ಹಾಕಿ ಬೇಕಾಗಿದ್ದರಲ್ಲಿ ಅರ್ಧ ಕೇಳಿದ್ದೆ. ಪ್ರಾರ್ಥನೆ ಮಾಡ್ತೀವಿ ಸಿಸ್ಟರ್ ಅಂದ್ರು. ಬೇಕಾದ್ದು ಕೊಡದೆ ಬರೀ ಒಳ್ಳೇ ಮಾತು ಹೇಳಿ ಕಳಿಸಿದ್ರೆ ಏನು ಪ್ರಯೋಜನ ಅನ್ನೋ ಯಾಕೋಬ 2:16 ಓದಿದಾಗೆಲ್ಲ ಆ ಮುಖ ನೆನಪಾಗುತ್ತೆ. ಸಿಟ್ಟಲ್ಲಿ ಹೇಳ್ತಿಲ್ಲಪ್ಪ, ಇನ್ನೂ ಹೊತ್ತು ಮೀರಿಲ್ಲ ಅಂತ ಹೇಳ್ತಿದೀನಿ. ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯ ಯೇಸು ಮುಂದೆ ಎಲ್ಲರೆದುರು ಎದ್ದುನಿಂತು ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಅಂದ. ನೀವು ದುಡ್ಡು ಕೊಡೋಕೆ ಮುಂಚೆ, ಅವತ್ತು ನನ್ನ ಹತ್ರ ಇತ್ತು, ಸುಳ್ಳು ಹೇಳಿದೆ ಅಂತ ಹೇಳಿ. ಅದು ದುಡ್ಡಿಗಿಂತ ಕಷ್ಟ ಆಗುತ್ತೆ.

ಸಾಸಿವೆಕಾಳು:
ಅಮ್ಮ, ನಿಮ್ಮ ಮಾತು ಓದಿ ಎರಡು ದಿನ ಸುಮ್ನಿದ್ದೆ. ಇವತ್ತು ಅವರ ಹತ್ರ ಹೋಗಿ ಹೇಳಿದೆ. ಅವರು ತಲೆ ತಗ್ಗಿಸಿ, ಗೊತ್ತಿತ್ತು ಬಿಡಿ ಅಂದ್ರು. ಮಗು ಹುಷಾರಾಗಿದೆ, ಆದ್ರೆ ಬಿಲ್ ಕಟ್ಟೋಕೆ ಬಡ್ಡಿಗೆ ಸಾಲ ತಗೊಂಡಿದಾರೆ, ಬಡ್ಡಿ ಕಟ್ಟೋಕೆ ಅಂತಾನೇ ಓವರ್‌ಟೈಮ್ ಮಾಡ್ತಿದಾರೆ. ಅದನ್ನ ಪೂರ್ತಿ ತೀರಿಸ್ತೀನಿ. ಆದ್ರೆ ಸಾಲ ಅಂತ ಕೊಡ್ಲಾ ಹಾಗೇ ಕೊಡ್ಲಾ, ಹಾಗೇ ಕೊಟ್ರೆ ಅವರಿಗೆ ನನ್ನೆದುರು ನಿಲ್ಲೋಕೆ ಮುಜುಗರ ಆಗುತ್ತಾ?

ಒಬ್ಬ ತಾಯಿ:
ಹಾಗೇ ಕೊಡಿ. ಸಾಲ ಅಂದ್ರೆ ನಿಮ್ಮ ಫೋನಲ್ಲಿ ಇನ್ನೊಂದು ಬ್ಯಾಲೆನ್ಸ್ ಶುರುವಾಗುತ್ತೆ. ಬೇರೆ ಯಾರಿಗೂ ಹೇಳಬೇಡಿ, ಚರ್ಚಲ್ಲಿ ಸಾಕ್ಷಿ (ದೇವರು ತಮ್ಮ ಬಾಳಲ್ಲಿ ಮಾಡಿದ್ದನ್ನ) ಹೇಳುವಾಗಲೂ ಬೇಡ. ನಾಳೆಯಿಂದ ಅವರ ಜೊತೆ ಮೊದಲಿನ ಥರಾನೇ ಮಾತಾಡಿ, ಮಗು ಹೇಗಿದೆ ಅಂತ ಕೇಳಿ.