ಎರಡೂವರೆ ವರ್ಷದ ಅನುಭವದ ಡೆವಲಪರ್ ಸಂಬಳ ಹೆಚ್ಚಿಸಿ ಎಂದು ಕೇಳುವುದು ಯಾವಾಗ, ಹೇಗೆ?

ಪ್ರಶ್ನೆ

ನಮಸ್ಕಾರ ಮೇಡಂ. ಓದು ಮುಗಿಸಿ ನೇರವಾಗಿ ಸೇರಿದ ಕಂಪನಿಯಲ್ಲೇ ಎರಡೂವರೆ ವರ್ಷದಿಂದ ಬ್ಯಾಕೆಂಡ್ ಡೆವಲಪರ್ ಆಗಿದ್ದೇನೆ. ಮೊದಲ ವರ್ಷ ಶೇಕಡಾ 6ರಷ್ಟು, ಎರಡನೆಯ ವರ್ಷ ಶೇಕಡಾ 7ರಷ್ಟು ಸಂಬಳ ಹೆಚ್ಚಾಯಿತು. ಎರಡು ಸಲವೂ ಪತ್ರ ಕೈಗೆ ಬಂದ ಮೇಲೆ ಮ್ಯಾನೇಜರ್ ಬಳಿ ಮಾತಾಡಿದೆ. ಎರಡು ಸಲವೂ ‘ಈ ವರ್ಷದ ಬಜೆಟ್ ಇಷ್ಟೇ, ಮುಂದಿನ ಸಲ ನೋಡೋಣ’ ಎಂಬ ಉತ್ತರವೇ ಬಂತು. ಕಳೆದ ತಿಂಗಳು ನನ್ನಷ್ಟೇ ಅನುಭವವಿರುವ ಒಬ್ಬರು ನಮ್ಮ ತಂಡಕ್ಕೆ, ನನ್ನದೇ ಹುದ್ದೆಗೆ ಸೇರಿದ್ದಾರೆ. ಅವರ ಸಂಬಳ ನನ್ನದಕ್ಕಿಂತ ಶೇಕಡಾ 25ರಷ್ಟು ಹೆಚ್ಚು ಎಂದು ಮಾತಿನ ನಡುವೆ ಅವರೇ ಹೇಳಿದರು. ಅವರಿಗೆ ನಮ್ಮ ಕೋಡನ್ನು ಪರಿಚಯ ಮಾಡಿಕೊಡುತ್ತಿರುವವನು ನಾನೇ ಆಗಿರುವುದರಿಂದ ಮನಸ್ಸಿಗೆ ಬಹಳ ಕಸಿವಿಸಿಯಾಗಿದೆ. ಮುಂದಿನ ವೇತನ ಪರಿಷ್ಕರಣೆಗೆ ಇನ್ನು ನಾಲ್ಕು ತಿಂಗಳಿದೆ. ಎಷ್ಟು ಕೇಳಬೇಕು, ಯಾವ ಆಧಾರದ ಮೇಲೆ ಕೇಳಬೇಕು, ದಯವಿಟ್ಟು ತಿಳಿಸಿಕೊಡಿ.

ಉತ್ತರ

ನಮಸ್ಕಾರ. ಹತ್ತು ವರ್ಷ ಡೆವಲಪರ್ ಆಗಿ, ಆಮೇಲೆ ಹೆಚ್ಚುಕಡಿಮೆ ಅಷ್ಟೇ ಕಾಲ ಮ್ಯಾನೇಜರ್ ಆಗಿ ಕೆಲಸ ಮಾಡಿರುವುದರಿಂದ ಸಂಬಳ ಹೆಚ್ಚಿಸಿ ಎಂದು ಕೇಳಿದ ಅನುಭವವೂ ನನಗಿದೆ, ಕೇಳಿಸಿಕೊಂಡ ಅನುಭವವೂ ಇದೆ. ನಿಮ್ಮ ಬರಹದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ‘ಪತ್ರ ಕೈಗೆ ಬಂದ ಮೇಲೆ’ ಎಂಬ ಮಾತಿನ ಮೇಲೆ. ಎರಡು ಸಲವೂ ನೀವು ಕೇಳಿದ್ದು, ತೀರ್ಮಾನ ಮುಗಿದು ಹಲವು ವಾರ ಕಳೆದ ನಂತರ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಸಂಸ್ಥೆಯು ವರ್ಷದ ಹೆಚ್ಚಳಕ್ಕೆಂದು ಒಂದು ಒಟ್ಟು ಮೊತ್ತವನ್ನು ಮೊದಲೇ ನಿಗದಿ ಮಾಡಿ, ಅದನ್ನು ವಿಭಾಗವಾರು ಹಂಚುತ್ತದೆ. ಪ್ರತಿಯೊಬ್ಬ ಮ್ಯಾನೇಜರ್ ತನ್ನ ತಂಡದವರಿಗೆ ರೇಟಿಂಗ್ ಸೂಚಿಸುತ್ತಾರೆ. ನಂತರ ಹಲವು ಮ್ಯಾನೇಜರ್‌ಗಳು, ಅವರ ಮೇಲಿನವರು ಮತ್ತು ಎಚ್‌ಆರ್ ಒಟ್ಟಿಗೆ ಕುಳಿತು ಆ ರೇಟಿಂಗ್‌ಗಳನ್ನು ಒಂದಕ್ಕೊಂದು ಹೋಲಿಸಿ, ಯಾರದು ಏರಬೇಕು, ಯಾರದು ಇಳಿಯಬೇಕು ಎಂದು ತೀರ್ಮಾನಿಸುತ್ತಾರೆ. ಅದಾದ ಬಳಿಕ ಹಣಕಾಸು ವಿಭಾಗದ ಒಪ್ಪಿಗೆ, ಕೊನೆಗೆ ಪತ್ರ. ಪತ್ರ ನಿಮ್ಮ ಕೈಸೇರುವ ಹೊತ್ತಿಗೆ ಮ್ಯಾನೇಜರ್ ಬಳಿ ಹಂಚಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ‘ಬಜೆಟ್ ಇಷ್ಟೇ’ ಎಂದು ಅವರು ಹೇಳಿದ್ದು ನುಣುಚಿಕೊಳ್ಳುವ ಮಾತೇ ಆಗಿರಬೇಕೆಂದಿಲ್ಲ.

ಆ ಸಭೆಯಲ್ಲಿ ನೀವು ಇರುವುದಿಲ್ಲ. ನಿಮ್ಮ ಪರವಾಗಿ ಮಾತಾಡುವವರು ಮ್ಯಾನೇಜರ್ ಒಬ್ಬರೇ, ಅವರಿಗೆ ನಿಮ್ಮ ಹೆಸರಿನ ಮೇಲೆ ಸಿಗುವುದು ಎರಡೋ ಮೂರೋ ನಿಮಿಷ. ‘ಒಳ್ಳೆಯ ಹುಡುಗ, ಶ್ರಮಪಟ್ಟು ಕೆಲಸ ಮಾಡುತ್ತಾನೆ’ ಎಂಬ ಮಾತನ್ನು ಅಲ್ಲಿ ಎಲ್ಲರೂ ಎಲ್ಲರ ಬಗ್ಗೆಯೂ ಹೇಳುತ್ತಾರೆ. ಅದರಿಂದ ಯಾರ ರೇಟಿಂಗೂ ಏರುವುದನ್ನು ನಾನು ನೋಡಿಲ್ಲ. ಆದ್ದರಿಂದ ಸಂಬಳದ ಮಾತುಕತೆ ಎಂದರೆ ಮ್ಯಾನೇಜರ್ ಅನ್ನು ಮಾತಿನಲ್ಲಿ ಸೋಲಿಸುವುದು ಎಂಬ ಭಾವನೆಯನ್ನು ಬಿಟ್ಟುಬಿಡಿ. ನೀವಿಲ್ಲದ ಕೋಣೆಯಲ್ಲಿ ಅವರು ನಿಮಗಾಗಿ ವಾದಿಸಲು ಬೇಕಾದ ಮಾತುಗಳನ್ನು ಅವರ ಕೈಗೆ ಕೊಡುವುದೇ ನಿಮ್ಮ ಕೆಲಸ, ಮತ್ತು ಅದಕ್ಕೆ ನಾಲ್ಕು ತಿಂಗಳು ಮೊದಲು ಎಂಬುದು ತಕ್ಕ ಸಮಯ.

ಒಂದು ಪುಟದ ಟಿಪ್ಪಣಿ ಬರೆಯಿರಿ, ಒಂದೇ ಪುಟ. ಕಳೆದ ಹನ್ನೆರಡು ತಿಂಗಳಲ್ಲಿ ನೀವು ಮಾಡಿದ ಮೂರು ಅಥವಾ ನಾಲ್ಕು ಕೆಲಸಗಳು ಸಾಕು. ಆದರೆ ಪ್ರತಿಯೊಂದರಲ್ಲೂ ಮೊದಲು ಹೇಗಿತ್ತು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು ಎಂಬ ಮೂರೂ ಇರಬೇಕು. ಬಿಲ್ಡ್ ಎಂದರೆ ಬರೆದ ಕೋಡನ್ನು ಓಡಿಸಬಹುದಾದ ತಂತ್ರಾಂಶವಾಗಿಸುವ ಹಂತ; ‘ಬಿಲ್ಡ್ ವೇಗ ಹೆಚ್ಚಿಸಿದೆ’ ಎಂದಷ್ಟೇ ಬರೆದರೆ ಅದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ‘40 ನಿಮಿಷ ಹಿಡಿಯುತ್ತಿದ್ದ ಬಿಲ್ಡ್ ಈಗ 12 ನಿಮಿಷದಲ್ಲಿ ಮುಗಿಯುತ್ತಿದೆ, ದಿನಕ್ಕೆ 20 ಬಿಲ್ಡ್ ನಡೆಯುವ ನಮ್ಮ ತಂಡದಲ್ಲಿ ದಿನಕ್ಕೆ ಒಂಬತ್ತು ಗಂಟೆಗೂ ಹೆಚ್ಚಿನ ಕಾಯುವಿಕೆ ತಪ್ಪಿದೆ’ ಎಂದು ಬರೆದರೆ, ಕೋಡ್ ಬರೆಯದವರಿಗೂ ಅದರ ಬೆಲೆ ಅರ್ಥವಾಗುತ್ತದೆ. ಹೊಸಬರಿಗೆ ನೀವು ಕೋಡ್ ಪರಿಚಯಿಸುತ್ತಿರುವುದನ್ನೂ ಅದರಲ್ಲಿ ಸೇರಿಸಿ. ಅದು ನಿಮ್ಮ ಹುದ್ದೆಗಿಂತ ಒಂದು ಮೆಟ್ಟಿಲು ಮೇಲಿನವರಿಂದ ನಿರೀಕ್ಷಿಸುವ ಕೆಲಸ, ಇದನ್ನು ನೀವೇ ಬಾಯಿಬಿಟ್ಟು ಹೇಳದಿದ್ದರೆ ದಾಖಲೆಗೆ ಬರುವುದೇ ಇಲ್ಲ.

ಇನ್ನು ಮೊತ್ತದ ವಿಷಯ. ನಿಮ್ಮ ಸಂಬಳ 80 ಎಂದು ಇಟ್ಟುಕೊಂಡರೆ ಹೊಸಬರದು 100. ಇಬ್ಬರಿಗೂ ಶೇಕಡಾ 7ರಷ್ಟು ಹೆಚ್ಚಳ ಸಿಕ್ಕಿತೆಂದುಕೊಳ್ಳಿ: ನಿಮ್ಮದು 85.6 ಆಗುತ್ತದೆ, ಅವರದು 107. ನಡುವಿನ ಅಂತರ 20 ಇದ್ದದ್ದು 21.4 ಆಯಿತು. ಇದೇ ದರದಲ್ಲಿ ಹೋದರೆ ಮೂರು ವರ್ಷ ಕಳೆದರೂ ನೀವು ತಲುಪುವುದು 98ಕ್ಕೆ, ಅಂದರೆ ಅವರು ಇಂದು ಇರುವ ಜಾಗವನ್ನೂ ಮುಟ್ಟಿರುವುದಿಲ್ಲ. ವಾರ್ಷಿಕ ಹೆಚ್ಚಳವು ಈ ಅಂತರವನ್ನು ತುಂಬುವುದಕ್ಕೆಂದು ಇರುವುದೇ ಅಲ್ಲ. ಹೊರಗಿನಿಂದ ಬರುವವರ ಸಂಬಳವನ್ನು ಮಾರುಕಟ್ಟೆ ನಿರ್ಧರಿಸಿದರೆ, ಒಳಗಿರುವವರ ಸಂಬಳವನ್ನು ಹಿಂದಿನ ವರ್ಷದ ಸಂಬಳವೇ ನಿರ್ಧರಿಸುತ್ತದೆ. ಓದು ಮುಗಿಸಿ ಸೇರಿದವರು ಎರಡು ಮೂರು ವರ್ಷದಲ್ಲಿ ಹಿಂದೆ ಬೀಳುವುದು ಇದೇ ಕಾರಣಕ್ಕೆ. ಇದರಲ್ಲಿ ನಿಮ್ಮ ಯೋಗ್ಯತೆಯ ಕೊರತೆ ಇದೆ ಎಂದು ದಯವಿಟ್ಟು ಭಾವಿಸಬೇಡಿ.

ಆದ್ದರಿಂದ ನೀವು ‘ಈ ಸಲ ಸ್ವಲ್ಪ ಹೆಚ್ಚು ಕೊಡಿ’ ಎಂದು ಕೇಳಬಾರದು. ಅನೇಕ ಸಂಸ್ಥೆಗಳಲ್ಲಿ ವಾರ್ಷಿಕ ಹೆಚ್ಚಳ, ಬಡ್ತಿ, ಮಾರುಕಟ್ಟೆ ದರಕ್ಕೆ ಸರಿಹೊಂದಿಸುವ ಪರಿಷ್ಕರಣೆ, ಇವು ಮೂರಕ್ಕೂ ಬೇರೆ ಬೇರೆ ನಿಯಮಗಳು, ಬೇರೆ ಬೇರೆ ಹಣ. ಅಂಥ ಕಡೆ ಸಾಮಾನ್ಯವಾಗಿ ಪ್ರತಿ ಹುದ್ದೆಗೂ ಕನಿಷ್ಠ, ಮಧ್ಯ ಮತ್ತು ಗರಿಷ್ಠ ಎಂಬ ವೇತನದ ಬ್ಯಾಂಡ್ ಇರುತ್ತದೆ; ನಿಮ್ಮ ಸಂಬಳವನ್ನು ಬ್ಯಾಂಡಿನ ಮಧ್ಯದ ಅಂಕಿಯಿಂದ ಭಾಗಿಸಿದಾಗ 0.8ರ ಹತ್ತಿರ ಬಂದರೆ, ಸರಿಹೊಂದಿಸಬೇಕಾದವರ ಪಟ್ಟಿಯಲ್ಲಿ ನೀವಿದ್ದೀರಿ ಎಂಬುದು ಎಚ್‌ಆರ್‌ಗೂ ತಿಳಿಯುತ್ತದೆ. ‘ನನ್ನ ಸಂಬಳ ಬ್ಯಾಂಡಿನಲ್ಲಿ ಎಲ್ಲಿದೆ?’ ಎಂದು ಮ್ಯಾನೇಜರ್ ಅನ್ನು ನೇರವಾಗಿ ಕೇಳಿ. ಅದು ಪೂರ್ತಿ ನ್ಯಾಯವಾದ ಪ್ರಶ್ನೆ.

ಹೊಸ ಸಹೋದ್ಯೋಗಿಯ ಸಂಬಳವನ್ನು ಮಾತ್ರ ಎತ್ತಬೇಡಿ. ನಂಬಿ ಹೇಳಿದವರಿಗೆ ಅದರಿಂದ ಇರಿಸುಮುರಿಸು, ಮಾತುಕತೆಯೂ ನಿಮ್ಮ ಕೆಲಸವನ್ನು ಬಿಟ್ಟು ಅವರ ಅರ್ಹತೆಯ ಕಡೆಗೆ ಹೊರಳುತ್ತದೆ. ಅದರ ಬದಲು ಅದೇ ಹುದ್ದೆಗೆ, ಅದೇ ಅನುಭವಕ್ಕೆ ಈಗ ಕೊಡುತ್ತಿರುವ ದರವನ್ನು ಸಾರ್ವಜನಿಕ ಮೂಲಗಳಿಂದ ಸಂಗ್ರಹಿಸಿ. ಗ್ಲಾಸ್‌ಡೋರ್, ಲೆವೆಲ್ಸ್ ಡಾಟ್ ಎಫ್‌ವೈಐಗಳಂಥ ತಾಣಗಳಿವೆ. ಅಮೆರಿಕದ ಕೊಲೊರಾಡೊ ರಾಜ್ಯ 2021ರಿಂದ, ನ್ಯೂಯಾರ್ಕ್ ನಗರ 2022ರ ನವೆಂಬರ್‌ನಿಂದ ಉದ್ಯೋಗದ ಜಾಹೀರಾತಿನಲ್ಲೇ ವೇತನದ ವ್ಯಾಪ್ತಿಯನ್ನು ಪ್ರಕಟಿಸುವುದನ್ನು ಕಡ್ಡಾಯ ಮಾಡಿವೆ. ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನವು ಒಂದೇ ಮೌಲ್ಯದ ಕೆಲಸ ಮಾಡುವವರ ಸರಾಸರಿ ವೇತನವನ್ನು ಕೇಳಿ ತಿಳಿಯುವ ಹಕ್ಕನ್ನು ನೌಕರರಿಗೆ ಕೊಡುತ್ತದೆ. ನೀವಿರುವ ಕಡೆ ಇಂಥ ಕಾನೂನು ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ, ಕೆಲಸ ಬದಲಾಯಿಸಿದ ನಾಲ್ಕೈದು ಪರಿಚಿತರನ್ನು ಕೇಳಿದರೂ ಒಂದು ಅಂದಾಜು ಸಿಗುತ್ತದೆ.

ಕೇಳುವಾಗ ಅಂಕಿಯನ್ನು ನೀವೇ ಹೇಳಿ, ಒಂದೇ ಅಂಕಿ ಹೇಳಿ. ಮನಶ್ಶಾಸ್ತ್ರಜ್ಞರಾದ ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1974ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಿಡಬೇಕಾದದ್ದು. ಜನರ ಎದುರಿಗೇ ಒಂದು ಚಕ್ರ ತಿರುಗಿಸಿ, ಅದು ನಿಂತ ಸಂಖ್ಯೆ ತೋರಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳ ಪಾಲು ಶೇಕಡಾ ಎಷ್ಟು ಎಂದು ಅವರು ಕೇಳಿದರು. ಚಕ್ರದಲ್ಲಿ 10 ಕಂಡವರ ಉತ್ತರದ ಮಧ್ಯಾಂಕ (ಉತ್ತರಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) 25 ಆಗಿತ್ತು, 65 ಕಂಡವರದು 45. ವಿಷಯಕ್ಕೆ ಸಂಬಂಧವೇ ಇಲ್ಲದ ಸಂಖ್ಯೆಯೂ ಅಂದಾಜನ್ನು ತನ್ನ ಕಡೆಗೆ ಎಳೆಯುತ್ತದೆ ಎಂದಾದರೆ, ಮಾತುಕತೆಯಲ್ಲಿ ಮೊದಲು ಕೇಳಿಬರುವ ಅಂಕಿ ಎಷ್ಟು ಎಳೆಯಬಹುದೆಂದು ಯೋಚಿಸಿ. ಸದ್ಯ ನಿಮ್ಮ ಮ್ಯಾನೇಜರ್ ತಲೆಯಲ್ಲಿರುವ ಮೊದಲ ಅಂಕಿ 7. ಅದರ ಜಾಗದಲ್ಲಿ ಆಧಾರ ಸಮೇತ 25 ಬಂದು ಕೂರಬೇಕು. ‘20ರಿಂದ 25ರವರೆಗೆ’ ಎಂದರೆ ಕೇಳುವವರಿಗೆ 20 ಮಾತ್ರ ಕೇಳಿಸುತ್ತದೆ. ಅಂಕಿ ಹೇಳಿದ ಮೇಲೆ ಮಾತು ನಿಲ್ಲಿಸಿ. ಮೌನ ಸಹಿಸಲಾಗದೆ ‘ಅಷ್ಟು ಆಗದಿದ್ದರೂ ಪರವಾಗಿಲ್ಲ’ ಎಂದು ತಾವೇ ಇಳಿಸಿಕೊಂಡ ಎಷ್ಟೋ ಕಿರಿಯರನ್ನು ಕಂಡಿದ್ದೇನೆ, ಪ್ರತಿ ಸಲವೂ ಅವರಿಗಾಗಿ ಬೇಸರಪಟ್ಟಿದ್ದೇನೆ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ

ಮೇಡಂ, ನನ್ನ ಕೆಲಸವೆಲ್ಲ ಹಳೆಯ ಕೋಡಿನ ನಿರ್ವಹಣೆ. ಬಗ್ ಬರುತ್ತದೆ, ಸರಿಪಡಿಸುತ್ತೇನೆ. ಹೊಸ ಫೀಚರ್ ಕಟ್ಟಿದವರ ಹಾಗೆ ತೋರಿಸಲು ನನ್ನ ಬಳಿ ಅಂಕಿಗಳಿಲ್ಲ. ನಾನೇನು ಬರೆಯಲಿ?

ಉತ್ತರ

ನಿರ್ವಹಣೆಯ ಕೆಲಸದಲ್ಲಿ ಅಂಕಿಗಳು ಹೆಚ್ಚೇ ಇರುತ್ತವೆ, ಎತ್ತಿ ಬರೆಯುವವರು ಕಡಿಮೆ. ಟಿಕೆಟ್‌ಗಳ (ದಾಖಲಾದ ದೂರುಗಳ) ಇತಿಹಾಸ ತೆರೆದು, ಒಂದೇ ಬಗೆಯ ದೂರು ನಿಮ್ಮ ತಿದ್ದುಪಡಿಯ ಮೊದಲು ತಿಂಗಳಿಗೆ ಎಷ್ಟು ಬರುತ್ತಿತ್ತು, ಈಗ ಎಷ್ಟು ಬರುತ್ತಿದೆ ಎಂದು ಎಣಿಸಿ. ತೊಂದರೆಯಾದಾಗ ಸರದಿಯಲ್ಲಿರುವವರನ್ನು ಕರೆಯುವ ಆನ್-ಕಾಲ್ ವ್ಯವಸ್ಥೆಯಲ್ಲಿ ರಾತ್ರಿಯ ಅಲರ್ಟ್‌ಗಳ ಲೆಕ್ಕ ಸಿಗುತ್ತದೆ. ನೀವು ಮಾಡಿದ ಕೋಡ್ ರಿವ್ಯೂಗಳಲ್ಲಿ, ಪ್ರೊಡಕ್ಷನ್‌ಗೆ (ಬಳಕೆದಾರರು ಬಳಸುವ ವ್ಯವಸ್ಥೆಗೆ) ಹೋಗುವ ಮೊದಲೇ ಸಿಕ್ಕಿಬಿದ್ದ ದೊಡ್ಡ ದೋಷ ಯಾವುದಿತ್ತು? ಡೇಟಾಬೇಸಿಗೆ ಒಂದು ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಸೇರಿಸಿದ್ದರಿಂದ ನಾಲ್ಕು ಸೆಕೆಂಡಿನ ಕ್ವೆರಿ (ಮಾಹಿತಿ ಹುಡುಕುವ ಕೋರಿಕೆ) ಅರ್ಧ ಸೆಕೆಂಡಿಗೆ ಇಳಿದಿದ್ದರೆ, ಆ ಪುಟವನ್ನು ದಿನಕ್ಕೆ ಎಷ್ಟು ಜನ ತೆರೆಯುತ್ತಾರೆ? ಇನ್ನು ಮುಂದೆ ಪ್ರತಿ ಶುಕ್ರವಾರ ಹತ್ತು ನಿಮಿಷ ಕುಳಿತು ಆ ವಾರದ ಕೆಲಸವನ್ನು ಎರಡು ಸಾಲಿನಲ್ಲಿ ಬರೆದಿಡಿ. ವರ್ಷದ ಕೊನೆಗೆ ನೆನಪಿನಿಂದ ಬರೆಯಲು ಕುಳಿತರೆ ಕೊನೆಯ ಎರಡು ತಿಂಗಳಷ್ಟೇ ನೆನಪಾಗುತ್ತದೆ, ನಿಮ್ಮ ಮ್ಯಾನೇಜರ್‌ಗೂ ಅಷ್ಟೇ.

ಮತ್ತೊಬ್ಬರ ಪ್ರಶ್ನೆ

ಬೇರೆ ಕಂಪನಿಯ ಆಫರ್ ಲೆಟರ್ ತೋರಿಸಿದರೆ ಮಾತ್ರ ಕೆಲಸ ಆಗುತ್ತದೆ ಎನ್ನುತ್ತಾರೆ. ನನ್ನ ಬಳಿ ಆಫರ್ ಇಲ್ಲ, ಇದೆ ಎಂದು ಹೇಳಬಹುದೇ?

ಉತ್ತರ

ಬೇಡ. ‘ಹಾಗಾದರೆ ಹೋಗಿ, ಒಳ್ಳೆಯದಾಗಲಿ’ ಎಂದುಬಿಟ್ಟರೆ ನಿಮಗೆ ಹಿಂದಿರುಗುವ ದಾರಿ ಇರುವುದಿಲ್ಲ. ಪತ್ರ ತೋರಿಸಿ ಎಂದರೆ ಮರ್ಯಾದೆಯೂ ಉಳಿಯುವುದಿಲ್ಲ. ನಿಜವಾದ ಆಫರ್ ಇದ್ದಾಗಲೂ, ಹೋಗಲು ಮನಸ್ಸು ಗಟ್ಟಿಯಾಗಿದ್ದರೆ ಮಾತ್ರ ತೋರಿಸಿ. ಆದರೆ ಪರಿಷ್ಕರಣೆಗೆ ಮೊದಲು ಒಂದೆರಡು ಇಂಟರ್‌ವ್ಯೂ ಕೊಟ್ಟು ಬರುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಇಲ್ಲಿ ಆಗದಿದ್ದರೆ ಮುಂದೇನು ಎಂಬುದು ಗೊತ್ತಿರುವವರ ಮಾತಿನಲ್ಲಿ ಇರುವ ನೆಮ್ಮದಿ ಬೇರೆಯೇ, ಅದನ್ನು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ.

ಮೊದಲ ಪ್ರಶ್ನೆ ಕೇಳಿದವರಿಂದ

ತುಂಬಾ ಧನ್ಯವಾದ ಮೇಡಂ. ಎರಡು ಅನುಮಾನ ಉಳಿದಿವೆ. ಈಗ ಮೂಲ ಸಂಬಳದ ಬದಲು ಒಂದು ಸಲದ ಬೋನಸ್ ಅಥವಾ ಷೇರು ಕೊಡುತ್ತೇವೆ ಎಂದರೆ ಒಪ್ಪಬೇಕೇ? ಈ ಸಲವೂ ‘ಮುಂದೆ ನೋಡೋಣ’ ಎಂದರೆ ಏನು ಮಾಡಲಿ?

ಉತ್ತರ

ಬೋನಸ್ ಒಂದೇ ವರ್ಷಕ್ಕೆ ಮುಗಿಯುತ್ತದೆ. ಮೂಲ ಸಂಬಳದಲ್ಲಿ ಸೇರಿದ್ದು ಪ್ರತಿ ವರ್ಷ ಬರುತ್ತದೆ, ಮುಂದಿನ ಹೆಚ್ಚಳಗಳೂ ಅದರ ಮೇಲೆಯೇ ಲೆಕ್ಕವಾಗುತ್ತವೆ. ಆದ್ದರಿಂದ ಬೋನಸ್ ಕೊಟ್ಟರೆ ತೆಗೆದುಕೊಳ್ಳಿ, ಅದನ್ನು ಹೆಚ್ಚಳವೆಂದು ಎಣಿಸಬೇಡಿ. ಷೇರುಗಳು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕೈಸೇರುತ್ತವೆ, ಮೊದಲ ವರ್ಷ ತುಂಬುವ ಮೊದಲು ಬಿಟ್ಟರೆ ಏನೂ ಸಿಗದಂತೆ ಕರಾರು ಇರುವುದೇ ಹೆಚ್ಚು. ಕಂಪನಿ ಷೇರುಪೇಟೆಯಲ್ಲಿ ಇಲ್ಲದಿದ್ದರೆ ಅವನ್ನು ಹಣವಾಗಿಸುವ ದಾರಿ ಯಾವುದು, ಕೊಳ್ಳಲು ನೀವು ತೆರಬೇಕಾದ ಬೆಲೆ ಎಷ್ಟು ಎಂದು ಬರಹದಲ್ಲಿ ಕೇಳಿ.

ಎರಡನೆಯದು ಮುಖ್ಯ. ‘ಮುಂದೆ ನೋಡೋಣ’ ಎಂಬುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು, ಅದನ್ನು ಹಾಗೆಯೇ ತೆಗೆದುಕೊಂಡು ಎದ್ದು ಬರಬೇಡಿ. ‘ಯಾವ ಕೆಲಸ ಮಾಡಿ ತೋರಿಸಿದರೆ, ಯಾವ ತಿಂಗಳಲ್ಲಿ, ಯಾರ ಒಪ್ಪಿಗೆಯಿಂದ ಇದು ಸಾಧ್ಯ?’ ಎಂದು ಕೇಳಿ. ಅವರು ಹೇಳಿದ್ದನ್ನು ಅದೇ ದಿನ ಮೇಲ್‌ನಲ್ಲಿ ಹೀಗೆ ಬರೆದು ಕಳಿಸಿ: ‘ಇಂದಿನ ಮಾತುಕತೆಯಲ್ಲಿ ನಾನು ಅರ್ಥ ಮಾಡಿಕೊಂಡದ್ದು ಇಷ್ಟು, ತಪ್ಪಿದ್ದರೆ ತಿದ್ದಿ.’ ಆರು ತಿಂಗಳ ನಂತರ ಮ್ಯಾನೇಜರ್ ಬದಲಾಗಿದ್ದರೂ ಆ ಮೇಲ್ ಇರುತ್ತದೆ. ಅದಕ್ಕೆ ಉತ್ತರವೇ ಬರದಿದ್ದರೆ, ಅಥವಾ ಹೇಳಿದ್ದೆಲ್ಲ ಮಾಡಿದ ಮೇಲೆ ಹೊಸ ಷರತ್ತು ಬಂದರೆ, ಬೇರೆ ಕಡೆ ಹುಡುಕಲು ಆರಂಭಿಸಿ. ಹೊರಗಿನಿಂದ ಬಂದವರಿಗೆ ಮಾರುಕಟ್ಟೆ ದರ ಸಿಗುವುದನ್ನು ನೀವೇ ಕಂಡಿದ್ದೀರಿ; ಇನ್ನೊಂದು ಕಂಪನಿಗೆ ನೀವೂ ಹೊರಗಿನಿಂದ ಬಂದವರೇ.

ಈ ವಾರವೇ ಮ್ಯಾನೇಜರ್ ಬಳಿ ಅರ್ಧ ಗಂಟೆ ಕೇಳಿಕೊಳ್ಳಿ, ಮೀಟಿಂಗ್‌ನ ವಿಷಯದ ಜಾಗದಲ್ಲಿ ‘ನನ್ನ ವೇತನ ಮತ್ತು ಮುಂದಿನ ಹುದ್ದೆಯ ಬಗ್ಗೆ’ ಎಂದೇ ಬರೆಯಿರಿ. ದಿನದ ಕೆಲಸದ ಮಾತಿನ ಕೊನೆಯ ಐದು ನಿಮಿಷದಲ್ಲಿ ಇದನ್ನು ತುರುಕಬೇಡಿ. ಟಿಪ್ಪಣಿಯನ್ನು ಹಿಂದಿನ ದಿನವೇ ಕಳಿಸಿ. ಬೇಕಿದ್ದರೆ ಕಂಪನಿಯ ಹೆಸರು, ಗುಟ್ಟಿನ ವಿವರಗಳನ್ನು ತೆಗೆದು ಇಲ್ಲಿ ಹಾಕಿ, ನಾನು ಓದಿ ತಿದ್ದಿಕೊಡುತ್ತೇನೆ.